ಒಂದು ಎಚ್‌ಪಿ ಎಂದರೆ ಒಂದು ಕುದುರೆಯ ಶಕ್ತಿಯೇ? ಜೇಮ್ಸ್ ವಾಟ್ ಹಾಕಿದ ಲೆಕ್ಕದ ಕಥೆ

ಪಂಪ್‌ಸೆಟ್ ಮೇಲೆ 5 ಎಚ್‌ಪಿ, ಬೈಕ್ ಜಾಹೀರಾತಿನಲ್ಲಿ 11 ಬಿಎಚ್‌ಪಿ ಎಂದು ಬರೆದಿರುವುದನ್ನು ನೀವು ನೋಡಿರುತ್ತೀರಿ. 5 ಎಚ್‌ಪಿ ಎಂದರೆ ಐದು ಕುದುರೆಗಳ ಪೂರ್ತಿ ಬಲ ಎಂದು ಹಲವರು ನಂಬಿದ್ದಾರೆ. ಕೆಟಲ್‌ನ ಮುಚ್ಚಳ ಕುಣಿಯುವುದನ್ನು ನೋಡಿ ಜೇಮ್ಸ್ ವಾಟ್ ಉಗಿಯಂತ್ರ ಕಂಡುಹಿಡಿದ ಎಂಬ ಕಥೆಯೂ ಅಷ್ಟೇ ಜನಪ್ರಿಯ. ಈ ಎರಡೂ ನಿಜವಲ್ಲ.

ರಿಪೇರಿಗೆ ಬಂದ ಯಂತ್ರ

ವಾಟ್ ಹುಟ್ಟಿದ್ದು 1736ರಲ್ಲಿ, ಸ್ಕಾಟ್ಲೆಂಡಿನ ಗ್ರೀನಾಕ್ ಎಂಬ ಬಂದರು ಊರಿನಲ್ಲಿ. ಲಂಡನ್‌ನಲ್ಲಿ ಅಳತೆ ಉಪಕರಣ ತಯಾರಿಸುವುದನ್ನು ಕಲಿತು, 1757ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಕೆಲಸಕ್ಕೆ ನಿಂತರು. ಆ ಹೊತ್ತಿಗೆ ಉಗಿಯಂತ್ರ ಹೊಸದೇನಲ್ಲ. ಥಾಮಸ್ ನ್ಯೂಕಮನ್ ಅವರ ಯಂತ್ರ 1712ರಿಂದಲೇ ಗಣಿಗಳ ನೀರು ಎತ್ತುತ್ತಿತ್ತು.

1763–64ರಲ್ಲಿ ಆ ಯಂತ್ರದ ಪುಟ್ಟ ಮಾದರಿಯೊಂದು ವಾಟ್ ಬಳಿ ರಿಪೇರಿಗೆ ಬಂತು. ಒಂದೇ ಸಿಲಿಂಡರ್ ಅನ್ನು ಪದೇ ಪದೇ ಬಿಸಿ ಮಾಡಿ ತಣಿಸುವುದರಿಂದ ಹೆಚ್ಚಿನ ಉಗಿ ವ್ಯರ್ಥವಾಗುತ್ತಿರುವುದು ಅವರ ಗಮನಕ್ಕೆ ಬಂತು. 1765ರಲ್ಲಿ ಪರಿಹಾರ ಹೊಳೆಯಿತು: ಉಗಿಯನ್ನು ತಣಿಸಲು ಬೇರೆಯದೇ ಪಾತ್ರೆ. 1769ರಲ್ಲಿ ಪೇಟೆಂಟ್ ಸಿಕ್ಕಿತು.

ಹಣ ಕೇಳುವುದು ಹೇಗೆ?

1775ರಲ್ಲಿ ಬರ್ಮಿಂಗ್‌ಹ್ಯಾಮಿನ ಉದ್ಯಮಿ ಮ್ಯಾಥ್ಯೂ ಬೌಲ್ಟನ್ ಜೊತೆ ಪಾಲುದಾರಿಕೆ ಶುರುವಾಯಿತು. ಹಳೆಯ ಯಂತ್ರಕ್ಕೆ ಹೋಲಿಸಿದರೆ ಉಳಿಯುವ ಕಲ್ಲಿದ್ದಲಿನ ಬೆಲೆಯಲ್ಲಿ ಮೂರನೇ ಒಂದು ಭಾಗ ಇವರಿಗೆ ಸಲ್ಲಬೇಕಿತ್ತು. ಆದರೆ ಎಷ್ಟು ಉಳಿಯಿತು ಎಂಬುದೇ ಜಗಳದ ವಿಷಯವಾಯಿತು.

1780ರ ದಶಕದಲ್ಲಿ ವಾಟ್ ದಂಡವನ್ನು, ಅಂದರೆ ಶಾಫ್ಟ್ ಅನ್ನು, ತಿರುಗಿಸುವ ಯಂತ್ರ ಮಾಡಿದಾಗ ತೊಡಕು ಇನ್ನೂ ಹೆಚ್ಚಿತು. ಗಿರಣಿಯವರಲ್ಲಿ ಹಲವರ ಬಳಿ ಇದ್ದದ್ದು ಕುದುರೆಗಳು. ಅಲ್ಲಿ ಕಲ್ಲಿದ್ದಲಿನ ಹೋಲಿಕೆಯೇ ಇಲ್ಲ. ಈ ಯಂತ್ರ ಎಷ್ಟು ಕುದುರೆಗಳ ಕೆಲಸ ಮಾಡುತ್ತದೆ ಎಂಬುದೊಂದೇ ಅವರ ಪ್ರಶ್ನೆ.

ಗಾಣದ ಎತ್ತಿನಂತೆ ಸುತ್ತುವ ಕುದುರೆ

ನಮ್ಮ ಗಾಣದ ಎತ್ತಿನ ಹಾಗೆ ಗಿರಣಿ ಕುದುರೆಯೂ ಸುತ್ತು ಹಾಕುತ್ತಿತ್ತು. ವೃತ್ತದ ವ್ಯಾಸ 24 ಅಡಿ, ನಿಮಿಷಕ್ಕೆ 2.4 ಸುತ್ತು, ಎಳೆತ 180 ಪೌಂಡ್, ಅಂದರೆ ಸುಮಾರು 82 ಕೆ.ಜಿ. ಭಾರದಷ್ಟು ಎಂದಿಟ್ಟುಕೊಳ್ಳಿ. ಕುದುರೆ ನಿಮಿಷಕ್ಕೆ ಸುಮಾರು 181 ಅಡಿ ನಡೆಯುತ್ತದೆ. ಎಳೆತವನ್ನು ದೂರದಿಂದ ಗುಣಿಸಿದರೆ ಸುಮಾರು 32,600 ಬರುತ್ತದೆ. ಅದನ್ನು 33,000 ಅಡಿ-ಪೌಂಡ್ ಎಂದು ದುಂಡಾಗಿಸಿದ್ದೇ ಒಂದು ಹಾರ್ಸ್ ಪವರ್. ಇಂದಿನ ಲೆಕ್ಕದಲ್ಲಿ 746 ವಾಟ್.

ಇದು ಕುದುರೆಯ ಗರಿಷ್ಠ ಶಕ್ತಿಯಲ್ಲ, ನಿಧಾನವಾಗಿ ದುಡಿಯುವಾಗಿನ ಲೆಕ್ಕ. ಕೆಲವು ಕ್ಷಣಗಳ ಮಟ್ಟಿಗೆ ಬಲವಾದ ಕುದುರೆ ಸುಮಾರು 15 ಎಚ್‌ಪಿ ಕೊಡಬಲ್ಲದು.

ಟಾರ್ಕ್ ಜಾಸ್ತಿ ಇದ್ದರೆ ಪವರ್ ಜಾಸ್ತಿಯೇ?

ದಂಡವನ್ನು ತಿರುಚುವ ಬಲವೇ ಟಾರ್ಕ್. ಸ್ಪ್ಯಾನರ್ ಉದ್ದವಾದಷ್ಟೂ ನಟ್ಟು ಸುಲಭವಾಗಿ ತಿರುಗುವುದು ಇದರಿಂದಲೇ. 12 ಅಡಿ ದೂರದಿಂದ ಎಳೆಯುವ ಆ ಕುದುರೆಯ ಟಾರ್ಕ್ ಸುಮಾರು 2,900 ನ್ಯೂಟನ್ ಮೀಟರ್. ಸಣ್ಣ ಬೈಕ್ ಎಂಜಿನ್ನಿನದು ಬರೀ 10ರ ಆಸುಪಾಸು. ಆದರೂ ಬೈಕಿನ ಪವರ್ ಹತ್ತು ಪಟ್ಟಿಗೂ ಹೆಚ್ಚು! ಕಾರಣ ವೇಗ. ಕುದುರೆಯ ದಂಡ ನಿಮಿಷಕ್ಕೆ 2.4 ಸುತ್ತು ತಿರುಗಿದರೆ ಬೈಕಿನದು 8,000 ಸುತ್ತು ತಿರುಗುತ್ತದೆ. ಟಾರ್ಕ್ ಮತ್ತು ತಿರುಗುವ ವೇಗ ಎರಡನ್ನೂ ಗುಣಿಸಿದರೆ ಮಾತ್ರ ಪವರ್ ಸಿಗುತ್ತದೆ.

ಬಿಎಚ್‌ಪಿಯಲ್ಲಿರುವ ಬ್ರೇಕ್

ವಾಟ್ 1800ರಲ್ಲಿ ವ್ಯವಹಾರದಿಂದ ನಿವೃತ್ತರಾಗಿ, 1819ರಲ್ಲಿ 83ನೇ ವಯಸ್ಸಿನಲ್ಲಿ ತೀರಿಕೊಂಡರು. ಎರಡು ವರ್ಷಗಳ ನಂತರ ಫ್ರಾನ್ಸಿನ ಎಂಜಿನಿಯರ್ ಗ್ಯಾಸ್ಪರ್ಡ್ ಡಿ ಪ್ರೋನಿ, ತಿರುಗುವ ದಂಡದ ಮೇಲೇ ಪವರ್ ಅಳೆಯುವ ಸರಳ ಉಪಾಯ ಕಂಡುಕೊಂಡರು. ದಂಡವನ್ನು ಮರದ ತುಂಡುಗಳಿಂದ ಬಿಗಿಯಾಗಿ ಹಿಡಿದು, ಅದಕ್ಕೊಂದು ಉದ್ದನೆಯ ತೋಳು ಜೋಡಿಸುವುದು. ದಂಡದ ಜೊತೆ ತೋಳು ಸುತ್ತದಂತೆ ತಡೆಯಲು ತುದಿಯಲ್ಲಿ ತೂಕ ಇಳಿಬಿಡುವುದು. ತೂಕವನ್ನು ತೋಳಿನ ಉದ್ದದಿಂದ ಗುಣಿಸಿದರೆ ಟಾರ್ಕ್. ಸುತ್ತು ಎಣಿಸಿದರೆ ಪವರ್‌ನ ಲೆಕ್ಕವೂ ಮುಗಿಯಿತು. ಬಿಎಚ್‌ಪಿಯ 'ಬಿ', ಅಂದರೆ ಬ್ರೇಕ್, ಇದೇ. ಬೈಕ್ ನಿಲ್ಲಿಸುವ ಬ್ರೇಕ್‌ಗೂ ಇದಕ್ಕೂ ಸಂಬಂಧವಿಲ್ಲ.

1882ರಲ್ಲಿ ಪವರ್‌ನ ಅಳತೆಗೆ ವಾಟ್ ಅವರ ಹೆಸರನ್ನೇ ಸೂಚಿಸಲಾಯಿತು. ಹಾಗಾಗಿ ಎಲ್‌ಇಡಿ ಬಲ್ಬಿನ 9 ವಾಟ್‌ನಲ್ಲಿ ಅವರ ಹೆಸರಿದೆ, ಪಂಪ್‌ಸೆಟ್ಟಿನ 5 ಎಚ್‌ಪಿಯಲ್ಲಿ ಅವರ ಲೆಕ್ಕವಿದೆ. ಇನ್ನು ಮುಂದೆ ಟಾರ್ಕ್ ಒಂದನ್ನೇ ದೊಡ್ಡದಾಗಿ ತೋರಿಸುವ ಫಾರ್ವರ್ಡ್ ಬಂದರೆ, ಅದು ಎಷ್ಟು ಆರ್‌ಪಿಎಂನಲ್ಲಿ ಎಂದು ಕೇಳಿ.