ಕಿಂಡಿಯ ಲೆಕ್ಕ ಹಾಕಿದ ಪ್ರೊಫೆಸರ್

ಮುಂಬಯಿ ಉಪನಗರಗಳಲ್ಲಿ ಒಂದು ಕಾಲಕ್ಕೆ ಫಟಫಟ ಎನ್ನುತ್ತ ಓಡುತ್ತಿದ್ದ ಟೂ ಸ್ಟ್ರೋಕ್ ಪೆಟ್ರೋಲ್ ಆಟೊಗಳು ನೆನಪಿವೆಯೇ? ಅವುಗಳ ಎಂಜಿನ್‌ಗೆ ವಾಲ್ವ್ ಇರಲಿಲ್ಲ. ಹೊಗೆ ಹೋಗುತ್ತಿದ್ದುದು ಸಿಲಿಂಡರ್ ಗೋಡೆಯಲ್ಲಿನ ಕಿಂಡಿಯಿಂದ. ಜೊತೆಗೆ ಒಂದಿಷ್ಟು ಪೆಟ್ರೋಲೂ ಸುಡದೆ ಹೊರಬೀಳುತ್ತಿತ್ತು. ಡೀಸೆಲ್ ಎಂಜಿನ್‌ನಲ್ಲಿ ಇದೇ ಕಿಂಡಿಯನ್ನು ಚೊಕ್ಕವಾಗಿ ಬಳಸಿದವರು ಹ್ಯೂಗೋ ಯುಂಕರ್ಸ್.

1859ರ ಫೆಬ್ರುವರಿ 3ರಂದು ಜರ್ಮನಿಯ ರೈಟ್‌ನಲ್ಲಿ ಹುಟ್ಟಿದ ಅವರು ಜವಳಿ ಗಿರಣಿ ಮಾಲೀಕರ ಮಗ. 1897ರಿಂದ 1912ರವರೆಗೆ ಆಖೆನ್‌ನಲ್ಲಿ ಪ್ರೊಫೆಸರ್. ನೀರು ಕಾಯಿಸುವ ಗ್ಯಾಸ್ ಗೀಸರ್ ಮಾರಿ ಬಂದ ಹಣವನ್ನು ಸಂಶೋಧನೆಗೆ ಸುರಿದರು. 1915ರಲ್ಲಿ ಪೂರ್ತಿ ಲೋಹದ ವಿಮಾನ ಹಾರಿಸಿದರು.

ಅವರ ಎಂಜಿನ್‌ನ ಒಂದೇ ಸಿಲಿಂಡರಿನಲ್ಲಿ ಎದುರುಬದುರಾಗಿ ಎರಡು ಪಿಸ್ಟನ್. ಒಂದು ತುದಿಯಲ್ಲಿ ಹೊಗೆಯ ಕಿಂಡಿಗಳು, ಇನ್ನೊಂದು ತುದಿಯಲ್ಲಿ ಗಾಳಿಯ ಕಿಂಡಿಗಳು. ಹೊಗೆಯ ಕಡೆಯ ಪಿಸ್ಟನ್ ತುಸು ಮುಂದೆ ಓಡುತ್ತದೆ. ಹಾಗಾಗಿ ಮೊದಲು ಹೊಗೆಯ ಕಿಂಡಿ ತೆರೆದು ಒಳಗಿನ ಒತ್ತಡ ಇಳಿಯುತ್ತದೆ. ಆಮೇಲೆ ಗಾಳಿಯ ಕಿಂಡಿ ತೆರೆಯುತ್ತದೆ. ಬ್ಲೋವರ್ ನೂಕಿದ ಗಾಳಿ ಉಳಿದ ಹೊಗೆಯನ್ನು ಈ ತುದಿಯಿಂದ ಆ ತುದಿಗೆ ಗುಡಿಸಿಬಿಡುತ್ತದೆ. ಮರಳುವಾಗ ಹೊಗೆಯ ಕಿಂಡಿಯೇ ಮೊದಲು ಮುಚ್ಚುವುದರಿಂದ ಹೊಸ ಗಾಳಿ ಒಳಗೇ ಉಳಿಯುತ್ತದೆ. ಎರಡೂ ಮುಚ್ಚಿದ ಮೇಲಷ್ಟೇ ಡೀಸೆಲ್ ಸಿಂಪಡಣೆ. ಆಟೊದಲ್ಲಿ ಸೋರುತ್ತಿದ್ದುದು ಇಂಧನ, ಇಲ್ಲಿ ಸೋರಿದರೂ ಬರೀ ಗಾಳಿ. ಆದರೆ ಸದಾ ಬೆಂಕಿಯಂಥ ಹೊಗೆ ತಾಗುವ ಆ ಕಡೆಯ ಪಿಸ್ಟನ್ನನ್ನು ತಣ್ಣಗಿಡುವುದು ಕಷ್ಟ.

1930ರ ದಶಕದಲ್ಲಿ ಆರು ಸಿಲಿಂಡರ್, ಹನ್ನೆರಡು ಪಿಸ್ಟನ್‌ಗಳ ಯುಮೊ 205 ವಿಮಾನಗಳಲ್ಲಿ ಓಡಿತು. ಅಷ್ಟರಲ್ಲಿ ಎಂಜಿನಿಯರ್ ಬೀದಿಗೆ ಬಿದ್ದಿದ್ದರು. ಸಾಲ ತೀರಿಸಲು ಗೀಸರ್ ಕಂಪನಿಯನ್ನು 1932ರಲ್ಲಿ ಬಾಷ್‌ಗೆ ಮಾರಿದ್ದರು. 1933ರಲ್ಲಿ ಅಧಿಕಾರಕ್ಕೆ ಬಂದ ನಾಜಿಗಳು ಹೆದರಿಸಿ ಪೇಟೆಂಟ್, ಷೇರುಗಳನ್ನು ಬರೆಸಿಕೊಂಡರು, ಸ್ವಂತ ಕಾರ್ಖಾನೆಯಿದ್ದ ಡೆಸ್ಸಾವ್‌ಗೆ ಕಾಲಿಡದಂತೆ ಮಾಡಿದರು. 1935ರಲ್ಲಿ, ತಮ್ಮ 76ನೇ ಹುಟ್ಟುಹಬ್ಬದಂದೇ ಯುಂಕರ್ಸ್ ತೀರಿಕೊಂಡರು.

ನಾನು ಬರೆಯುವ ಕೋಡ್ ಕಂಪನಿಯದು. ಅದು ನಾನೇ ಸಹಿ ಹಾಕಿದ ಒಪ್ಪಂದ, ಬೇಸರವಿಲ್ಲ. ಯುಂಕರ್ಸ್ ವಿಷಯದಲ್ಲಿ ನನ್ನನ್ನು ಕಾಡುವುದು ಬೇರೆ. ಕಿತ್ತುಕೊಂಡವರು ಹೆಸರನ್ನೂ ಬಿಡಲಿಲ್ಲ. ಅವರ ಕೈವಾಡವೇ ಇಲ್ಲದ ಸ್ಟೂಕಾ ಬಾಂಬರ್ ವಿಮಾನ ಯುಂಕರ್ಸ್ ಹೆಸರಿನಲ್ಲೇ ಊರೂರು ಸುಟ್ಟಿತು. ಜಗತ್ತಿಗೆ ಇಂದು ಗೊತ್ತಿರುವುದು ಬಹುಪಾಲು ಅದೇ.

ಕಿಂಡಿಯ ಲೆಕ್ಕ ಮಾತ್ರ ಉಳಿದು ನಮ್ಮ ದೇಶಕ್ಕೂ ಬಂತು. ಆವಡಿಯಲ್ಲಿ ತಯಾರಾದ ವಿಜಯಂತ ಟ್ಯಾಂಕಿನೊಳಗಿದ್ದ ಲೇಲ್ಯಾಂಡ್ ಎಲ್60 ಎಂಜಿನ್‌ನಲ್ಲೂ ಎದುರುಬದುರು ಪಿಸ್ಟನ್‌ಗಳೇ ಕಿಂಡಿ ತೆರೆದು ಮುಚ್ಚುತ್ತಿದ್ದವು.