ಬಿಜಾಪುರ ಕಂಡ ಯಂತ್ರಪಂಡಿತ: ಮೀರ್ ಫತಹುಲ್ಲಾ ಶಿರಾಜಿ

ಇಂದು ವಿಜಯಪುರವೆನಿಸಿದ ಬಿಜಾಪುರಕ್ಕೆ ಹೋದವರು ಕೋಟೆಯ ಬುರುಜಿನ ಮೇಲಿನ ಮಲಿಕ್-ಎ-ಮೈದಾನ್ ತೋಪನ್ನು ನೋಡದೆ ಹಿಂದಿರುಗುವುದಿಲ್ಲ. 1549ರಲ್ಲಿ ಅಹಮದ್‌ನಗರದಲ್ಲಿ ಎರಕಹೊಯ್ದ ಆ ತೋಪಿನ ತೂಕ 50 ಟನ್ನಿಗೂ ಹೆಚ್ಚು. ಆದರೆ ಅದು ಬಿಜಾಪುರವನ್ನು ಸೇರುವುದಕ್ಕೆ ಮೊದಲೇ ಅಲ್ಲಿ ಬಾಳಿದ ಒಬ್ಬ ಪಂಡಿತನನ್ನು ನೆನೆಯುವವರು ವಿರಳ. ಒಂದೇ ತೋಪಿನ ಗಾತ್ರವನ್ನು ಹೆಚ್ಚಿಸುವ ಬದಲು ಹಲವು ನಳಿಕೆಗಳನ್ನು ಒಂದು ಯಂತ್ರಕ್ಕೆ ಹೂಡುವ ವಿದ್ಯೆಯೊಡನೆ ಆತನ ಹೆಸರು ಕೂಡಿಕೊಂಡಿದೆ. ಆತನೇ ಮೀರ್ ಫತಹುಲ್ಲಾ ಶಿರಾಜಿ.

ಇರಾನಿನ ಶಿರಾಜ್ ಆತನ ಹುಟ್ಟೂರು. ತರ್ಕ, ಗಣಿತ, ಖಗೋಳ, ವೈದ್ಯ, ಯಂತ್ರವಿದ್ಯೆ ಇವೆಲ್ಲದರಲ್ಲೂ ಆತನಿಗೆ ಪರಿಶ್ರಮವಿತ್ತು. ವಿದ್ಯಾಪಕ್ಷಪಾತಿಯಾದ ಒಂದನೆಯ ಅಲಿ ಆದಿಲ್‌ಶಾಹನ ಕರೆಗೆ ಓಗೊಟ್ಟು ಆತನು ಬಿಜಾಪುರಕ್ಕೆ ಬಂದನು. 1580ರಲ್ಲಿ ಆ ಅರಸನ ಕೊಲೆಯಾಯಿತು. ಬಾಲಕ ಇಬ್ರಾಹಿಮನಿಗೆ ಪಟ್ಟವಾಗಿ, ಸರದಾರರೊಳಗೆ ಕಲಹ ಹುಟ್ಟಿತು. ಆಗ ಅಕ್ಬರನಿಂದ ಕರೆ ಬರಲು, ಶಿರಾಜಿಯು 1583ರಲ್ಲಿ ಫತೇಪುರ್ ಸಿಕ್ರಿಯನ್ನು ಸೇರಿದನು.

ಅಲ್ಲಿ ಆತನ ಏಳಿಗೆ ಶೀಘ್ರವಾಯಿತು. ಸೌರಮಾನದ ಇಲಾಹಿ ಶಕೆಯನ್ನು 1584ರಲ್ಲಿ ರೂಪಿಸಿಕೊಟ್ಟವನು ಆತನೇ. ಮರುವರ್ಷ ಅಮೀನ್-ಉಲ್-ಮುಲ್ಕ್ ಎಂಬ ಬಿರುದು ದೊರೆಯಿತು. ರಾಜಾ ತೋಡರಮಲ್ಲನೊಡನೆ ಕಂದಾಯದ ಲೆಕ್ಕಗಳನ್ನು ಸರಿಪಡಿಸುವ ಹೊಣೆಯೂ ಬಂದಿತು.

ಆ ಕಾಲದ ಬಂದೂಕಿನ ತೊಂದರೆಯನ್ನು ವಾಚಕರು ಊಹಿಸಿಕೊಳ್ಳಬೇಕು. ಮದ್ದು ಸುರಿದು, ಗುಂಡು ತುರುಕಿ, ಬತ್ತಿಯಿಂದ ಕಿಡಿ ಮುಟ್ಟಿಸಿದರೆ ಹಾರುವುದು ಒಂದೇ ಗುಂಡು. ಸಾಲದುದಕ್ಕೆ ನಳಿಕೆಯ ಒಳಗೆ ಮಸಿ ಕಟ್ಟುವುದು. ಇನ್ನೊಂದು ಗುಂಡು ಸಿದ್ಧವಾಗುವಷ್ಟರಲ್ಲಿ ಶತ್ರುವು ಎದುರಿಗೇ ಬಂದು ನಿಲ್ಲುವನು. ಹದಿನೇಳು ಬಂದೂಕುಗಳನ್ನು ಜೋಡಿಸಿ ಒಂದೇ ಬತ್ತಿಯಿಂದ ಹಾರಿಸುವ ಉಪಾಯವೂ, ಎತ್ತು ತಿರುಗಿಸುವ ಚಕ್ರದಿಂದ ಹದಿನಾರು ನಳಿಕೆಗಳನ್ನು ಒಮ್ಮೆಗೇ ಶುಚಿಮಾಡುವ ಯಂತ್ರವೂ ಐನ್-ಇ-ಅಕ್ಬರಿಯಲ್ಲಿ ವರ್ಣಿತವಾಗಿವೆ.

ಆದರೆ ಅಬುಲ್ ಫಜಲನು ಇವೆಲ್ಲವನ್ನೂ ಬಾದಶಹನ ಕಲ್ಪನೆಯೆಂದೇ ಬರೆದಿದ್ದಾನೆ! ಅದೇ ಆಸ್ಥಾನದ ನಿಜಾಮುದ್ದೀನ್ ಅಹಮದನಾದರೋ, ಒಂದೇ ಚಕ್ರದಿಂದ ಹನ್ನೆರಡು ಬಂದೂಕುಗಳಿಗೆ ಕೆಲಸ ಮಾಡುವ ಯಂತ್ರವನ್ನು ಶಿರಾಜಿಯ ಲೆಕ್ಕಕ್ಕೆ ಸೇರಿಸಿದ್ದಾನೆ. ಇಪ್ಪತ್ತನೆಯ ಶತಮಾನದ ಕೆಲವು ವಿದ್ವಾಂಸರು ಉಳಿದವುಗಳ ಹಿಂದೆಯೂ ಆತನ ಬುದ್ಧಿಯನ್ನೇ ಕಂಡರು. ಅರಸನ ಹೆಸರಿನ ನೆರಳಿನಲ್ಲಿ ಕೆಲಸಗಾರನ ಹೆಸರು ಅಡಗುವುದು ಹೊಸ ಸಂಗತಿಯಲ್ಲ.

ಇವು ಇಂದಿನ ಮಷಿನ್‌ಗನ್‌ಗಳಲ್ಲ. ಹದಿನೇಳು ಗುಂಡುಗಳು ಒಟ್ಟಿಗೆ ಹಾರಿದ ಮೇಲೆ ಮತ್ತೆ ಕಾಯಲೇಬೇಕು. ಬಹುನಳಿಕೆಯ ಬಂದೂಕುಗಳು ಯೂರೋಪಿನಲ್ಲಿಯೂ ಮೊದಲೇ ಇದ್ದವು. ಅಮೆರಿಕದ ಗ್ಯಾಟ್ಲಿಂಗನು 1862ರಲ್ಲಿ ಕೈಹಿಡಿ ತಿರುಗಿಸಿದರೆ ಸಾಲುನಳಿಕೆಗಳು ಸರದಿಯಂತೆ ಗುಂಡು ಹಾರಿಸುವ ಯಂತ್ರವನ್ನು ಮಾಡಿದನು. 1884ರ ವೇಳೆಗೆ ಮ್ಯಾಕ್ಸಿಮನು ಗುಂಡು ಹಾರಿದಾಗ ಹಿಂದಕ್ಕೆ ಒದೆಯುವ ಬಲದಿಂದಲೇ ಮುಂದಿನ ಗುಂಡು ತುಂಬುವಂತೆ ಮಾಡಿದನು. ಒಂದೇ ನಳಿಕೆ, ನಿಮಿಷಕ್ಕೆ ಸುಮಾರು 600 ಗುಂಡು! 1914ರ ಮಹಾಯುದ್ಧದಲ್ಲಿ ಅದರ ಘೋರಫಲವನ್ನು ಲೋಕವೇ ಉಂಡಿತು.

ಬಂದೂಕಿನ ಚಕ್ರದೊಡನೆ ನಿಜಾಮುದ್ದೀನನು ಶಿರಾಜಿಯ ಮತ್ತೊಂದು ಯಂತ್ರವನ್ನೂ ಹೇಳುತ್ತಾನೆ: ಬಂಡಿಯ ಮೇಲಿಟ್ಟು ಹಿಟ್ಟು ಬೀಸುವ ಕಲ್ಲು. ಒಂದೇ ಚಕ್ರವಿದ್ಯೆ ಕೊಲ್ಲುವುದಕ್ಕೂ ಆಯಿತು, ಅನ್ನಕ್ಕೂ ಆಯಿತು.

1589ರಲ್ಲಿ ಅಕ್ಬರನೊಡನೆ ಕಾಶ್ಮೀರಕ್ಕೆ ಹೋದಾಗ ಶಿರಾಜಿಯು ಕಾಯಿಲೆಬಿದ್ದು ತೀರಿಕೊಂಡನು. ಬಾದಶಹನು ಬಹಳ ಮರುಗಿದನಂತೆ. ತಖ್ತ್-ಇ-ಸುಲೇಮಾನ್ ಬೆಟ್ಟದಲ್ಲಿ ಆತನನ್ನು ಮಣ್ಣುಮಾಡಿದರು.

ಶಿರಾಜಿನಿಂದ ಬಿಜಾಪುರಕ್ಕೆ, ಅಲ್ಲಿಂದ ಸಿಕ್ರಿಗೆ, ಕಡೆಗೆ ಕಾಶ್ಮೀರಕ್ಕೆ. ಎಲ್ಲಿಗೆ ಹೋದರೂ ಆತನೊಡನೆ ಹೋದದ್ದು ವಿದ್ಯೆ. ಊರು ಬಿಟ್ಟು ಬಂದು ತಾರ್ನಾಕದಲ್ಲಿ ನೆಲೆಸಿದ ನಮಗೆ ಈ ಬಾಳು ಅಪರಿಚಿತವೆನಿಸದು. ಮಕ್ಕಳನ್ನು ವಿಜಯಪುರಕ್ಕೆ ಕರೆದೊಯ್ದಾಗ ದೊಡ್ಡ ತೋಪನ್ನು ತೋರಿಸೋಣ. ಜೊತೆಗೆ ಈ ಪಂಡಿತನ ಹೆಸರನ್ನೂ ಹೇಳೋಣ.