ಚುಕ್ಕಿಗಳಲ್ಲಿ ಚಿತ್ರ ಕಂಡವರು: ಉಪೇಂದ್ರಕಿಶೋರ್ ರಾಯ್ ಚೌಧುರಿ

ಚಲನಚಿತ್ರ ನಿರ್ದೇಶಕ ಸತ್ಯಜಿತ್ ರಾಯ್ ನಮಗೆಲ್ಲ ಗೊತ್ತು. ಅವರ ಅಜ್ಜ ಉಪೇಂದ್ರಕಿಶೋರ್ ಮಕ್ಕಳ ಪುಸ್ತಕದ ಚಿತ್ರ ಚೆನ್ನಾಗಿ ಬರಲೆಂದು ಬೆಳಕಿನ ಶಾಸ್ತ್ರವನ್ನೇ ಅಭ್ಯಾಸ ಮಾಡಿದವರು. ‘ಬೆಳಕು’ ಪಾಠಕ್ಕೆ ಅವರ ಜೀವನ ಒಳ್ಳೆಯ ಪೀಠಿಕೆ.

ಅವರು 1863ರಲ್ಲಿ ಈಗಿನ ಬಾಂಗ್ಲಾದೇಶದ ಮೈಮನ್‌ಸಿಂಗ್ ಸೀಮೆಯ ಮಸೂವಾ ಗ್ರಾಮದಲ್ಲಿ ಹುಟ್ಟಿದರು. ಮೊದಲ ಹೆಸರು ಕಾಮದಾರಂಜನ್. ಚಿಕ್ಕಂದಿನಲ್ಲೇ ಸಂಬಂಧಿಕರಾದ ಜಮೀನ್ದಾರ ಹರಿಕಿಶೋರ್ ರಾಯ್ ಚೌಧುರಿ ಅವರನ್ನು ದತ್ತು ತೆಗೆದುಕೊಂಡು ಹೊಸ ಹೆಸರಿಟ್ಟರು. ಕಲ್ಕತ್ತೆಯಲ್ಲಿ ಓದಿ 1884ರಲ್ಲಿ ಬಿ.ಎ. ಮುಗಿಸಿದರು. ಪಿಟೀಲು ನುಡಿಸುವುದು, ಚಿತ್ರ ಬರೆಯುವುದು, ಮಕ್ಕಳಿಗೆ ಕಥೆ ಬರೆಯುವುದು ಅವರ ಪ್ರೀತಿಯ ಕೆಲಸಗಳು.

ಮಕ್ಕಳಿಗಾಗಿ ರಾಮಾಯಣ ಬರೆದು ಅದಕ್ಕೆ ಚಿತ್ರಗಳನ್ನೂ ತಾವೇ ಬರೆದರು. ಆದರೆ ಮರದ ಅಚ್ಚಿನಲ್ಲಿ ಕೆತ್ತಿ ಮುದ್ರಿಸಿದಾಗ ಚಿತ್ರಗಳು ಕೆಟ್ಟವು. ಮಕ್ಕಳ ಕೈಗೆ ಇಂಥದ್ದು ಹೋಗಬಾರದು ಎಂದು ಇಂಗ್ಲೆಂಡಿನಿಂದ ಪುಸ್ತಕ, ಸಲಕರಣೆ ತರಿಸಿಕೊಂಡು ಹಾಫ್‌ಟೋನ್ ಮುದ್ರಣವನ್ನು ತಾವಾಗಿಯೇ ಕಲಿತರು. 1895ರಲ್ಲಿ ಸ್ವಂತ ಸಂಸ್ಥೆ ಆರಂಭಿಸಿದರು.

ಅಚ್ಚಿನ ಮಸಿ ಕಪ್ಪು, ಕಾಗದ ಬಿಳಿ. ನಡುವಿನ ಬೂದು ಬಣ್ಣ ಎಲ್ಲಿಂದ ಬರಬೇಕು? ಕ್ಯಾಮೆರಾದೊಳಗೆ ಪ್ಲೇಟಿನ ಮುಂದೆ ಸಣ್ಣ ಅಂತರದಲ್ಲಿ, ಅಡ್ಡ ಉದ್ದ ಗೆರೆ ಕೊರೆದ ಗಾಜಿನ ಪರದೆ ಇಡುತ್ತಿದ್ದರು. ಬೆಳಕು ಆ ಕಿಂಡಿಗಳಲ್ಲಿ ಹಾದು ಚುಕ್ಕಿಗಳಾಗುತ್ತಿತ್ತು. ಕೊನೆಗೆ ಕಾಗದದ ಮೇಲೆ ಕತ್ತಲೆಯ ಭಾಗದಲ್ಲಿ ದೊಡ್ಡ ಚುಕ್ಕಿ, ಬೆಳಕಿನ ಭಾಗದಲ್ಲಿ ಸಣ್ಣ ಚುಕ್ಕಿ. ನಮ್ಮ ನವಲಗುಂದದ ಎರೆ ಹೊಲದಲ್ಲಿ ಹತ್ತಿ ಒಡೆದಾಗ ದೂರದಿಂದ ಕಪ್ಪು, ಬಿಳುಪು ಬೆರೆತು ಬೂದಾಗಿ ಕಾಣುವಂತೆ, ಕಣ್ಣು ಚುಕ್ಕಿಗಳನ್ನು ಬೆರೆಸಿಕೊಳ್ಳುತ್ತದೆ.

ಪರದೆ ಎಷ್ಟು ದೂರವಿರಬೇಕು ಎಂಬುದನ್ನು ಅಂದಾಜಿಗೆ ಬಿಡದೆ ಅವರು ಲೆಕ್ಕದಿಂದ ಬಿಡಿಸಲು ಹೊರಟರು. 1897ರಿಂದ ಬ್ರಿಟನ್ನಿನ ಪೆನ್‌ರೋಸ್ ವಾರ್ಷಿಕ ಸಂಚಿಕೆಯಲ್ಲಿ ಅವರ ಲೇಖನಗಳು ಬಂದವು. ಗೆರೆಗಳು 60 ಡಿಗ್ರಿಯಲ್ಲಿ ದಾಟುವ ಪರದೆಯ ಕುರಿತೂ ಬರೆದರು. ಮಗ ಸುಕುಮಾರ್ ಇದೇ ವಿದ್ಯೆ ಕಲಿಯಲು ಇಂಗ್ಲೆಂಡಿಗೆ ಹೋದರು. 1913ರಲ್ಲಿ ಮಕ್ಕಳ ಮಾಸಿಕ ‘ಸಂದೇಶ್’ ಆರಂಭಿಸಿದ ಉಪೇಂದ್ರಕಿಶೋರ್ 1915ರಲ್ಲಿ ತೀರಿಕೊಂಡರು.

1976ರಲ್ಲಿ ಫ್ಲಾಯ್ಡ್ ಮತ್ತು ಸ್ಟೈನ್‌ಬರ್ಗ್ ಪ್ರಕಟಿಸಿದ ಡಿದರಿಂಗ್ ಕ್ರಮದಲ್ಲಿ ಗಾಜಿನ ಪರದೆ ಇಲ್ಲ. ಬೂದು ಬಿಂದುವನ್ನು ಕಪ್ಪು ಅಥವಾ ಬಿಳಿ ಮಾಡಿದಾಗ ಉಳಿಯುವ ವ್ಯತ್ಯಾಸವನ್ನು ಕಂಪ್ಯೂಟರ್ ಪಕ್ಕದ ಬಿಂದುಗಳಿಗೆ ಹಂಚುತ್ತದೆ. ಆದರೂ ನಂಬಿಕೆ ಅದೇ: ಕಣ್ಣು ಬೆರೆಸಿಕೊಳ್ಳುತ್ತದೆ.

ಅಭ್ಯಾಸ ಬೋಧನೆಯಲ್ಲಿ ನಾನು ಹಂಚಿದ ಝೆರಾಕ್ಸ್ ಹಾಳೆಯಲ್ಲಿ ಹೂವಿನ ಫೋಟೋ ಬರೀ ಕರಿ ಕಲೆಯಾಗಿತ್ತು. ಹಿಂದಿನ ಸಾಲಿನ ಹುಡುಗಿಯೊಬ್ಬಳು ಹಾಳೆಯನ್ನು ತಿರುಗಿಸಿ ನೋಡಿ ಸುಮ್ಮನಾದಳು. ಮರುದಿನ ಪತ್ರಿಕೆಯ ಫೋಟೋ ಮತ್ತು ಭೂತಗನ್ನಡಿ ಒಯ್ದೆ. ನಂತರ 16 ಮನೆಯ ಚೌಕಗಳಲ್ಲಿ 4, 8, 12 ಮನೆ ಕಪ್ಪು ತುಂಬಿಸಿ ಗೋಡೆಗೆ ಹಚ್ಚಿ, ದೂರ ನಿಂತು ನೋಡಿಸಿದೆ. ಮೂರು ಬೂದು ಬಣ್ಣಗಳನ್ನು ಮೊದಲು ಗುರುತಿಸಿದವಳು ಅದೇ ಹುಡುಗಿ. ಮಕ್ಕಳಿಗೆ ಕೊಡುವ ಚಿತ್ರ ಸ್ಪಷ್ಟವಿರಬೇಕೆಂಬ ಉಪೇಂದ್ರಕಿಶೋರರ ಹಟ ಶಿಕ್ಷಕರಾಗುವ ನಮಗೂ ಇರಲಿ.